ನೆಲ ಮುಟ್ಟದ ಎಲೆ

ಬೆಳಕು ಹರಿಯುತ್ತಿದೆ. ಗುಂಡ್ಲುಪೇಟೆಯಾಚೆಯ ಬೆಟ್ಟದ ಕಣಿವೆಯಲ್ಲಿ, ಮಂಜು ಮುಸುಕಿದ ಮರದ ಮೇಲೆ ಶಿವಮಲ್ಲು ಅವರ ಪಾದಗಳಷ್ಟೇ ಕಾಣುತ್ತಿವೆ. ಹಳ್ಳದಾಚೆ ಕೊಂಬೆ ಮುರಿಯುವ ಸದ್ದು.

“ಮರಿ ಆನೆ ಅದೆ. ತಾಯಿ ಇಲ್ಲೇ ಎಲ್ಲೋ ಇರ್ತದೆ. ಬಿರ್ನೆ ಇಳಿಲಾ ಮಲ್ಲು!” ಎನ್ನುತ್ತಾರೆ ಅರಣ್ಯ ಕಾವಲುಗಾರ ಮಾದೇಶ್.

“ನೀ ಇಂಗೇ ಕೂಗ್ತಿದ್ರೆ ಆನೆಗೂ ನನ್ನೆಸ್ರು ಗೊತ್ತಾಯ್ತದೆ. ಸುಮ್ಕಿರ್ಲಾ,” ಮೇಲಿಂದ ಉತ್ತರ.

ಉಮ್ಮತ್ತೂರಿನ ಶಿವಮಲ್ಲು ಮೀಸೆ ಮೂಡುವ ಮೊದಲೇ ಹುಣಸೆ ಮರ ಹತ್ತಿದವರು. ಕೊಂಬೆ ಬಡಿಯುವುದು, ಬಿದ್ದ ಹಣ್ಣು ಆಯುವುದು, ಅದೇ ಬದುಕು. ಒಮ್ಮೆ ಜಾರಿಬಿದ್ದಾಗ ಮುರಿದ ಎಡ ಮೊಣಕೈ ಇಂದಿಗೂ ಪೂರ್ತಿ ಮಡಚುವುದಿಲ್ಲ. ಈಗ ಸಂಶೋಧಕಿ ಮಾನಸ ಅವರಿಗಾಗಿ ನಿತ್ಯಹರಿದ್ವರ್ಣದ ಮರಗಳನ್ನು ಹತ್ತಿ ಎಲೆ ಕೊಯ್ಯುತ್ತಾರೆ.

“ಹಿಮಯುಗಗಳಲ್ಲಿ ಇಲ್ಲಿ ಚಳಿ ಹೆಚ್ಚಿ ಮಳೆ ಕುಗ್ಗಿತು. ಹುಲ್ಲು ಹಬ್ಬಿತು. ಈ ಮರಗಳು ತೇವವಿದ್ದ ಕಣಿವೆಗಳಲ್ಲಷ್ಟೇ ಉಳಿದವು. ಹಾಗೆ ಉಳಿದ ಕಡೆ ವಂಶವಾಹಿಗಳ ವೈವಿಧ್ಯ ಹೆಚ್ಚಿರುತ್ತದೆ. ಈ ಕಣಿವೆಯೂ ಅಂಥ ಆಸರೆಯಾಗಿತ್ತೇ? ಎಲೆಗಳೇ ಹೇಳಬೇಕು,” ಎನ್ನುತ್ತಾರೆ ಮಾನಸ.

ಕಳೆದ ಸಲ ಶಿವಮಲ್ಲು ಹುಣಸೆಯ ರೂಢಿಯಲ್ಲೇ ಕೊಂಬೆ ಬಡಿದು, ಬಿದ್ದ ಎಲೆ ಆಯ್ದು ಚೀಲಕ್ಕೆ ಹಾಕಿದ್ದರು. ಪಕ್ಕದ ಮರಗಳ ಎಲೆಯೂ ಸೇರಿತ್ತು. ಒಂದು ಮರದ ಚೀಲದಲ್ಲಿ ಎರಡು ಮರದ ಎಲೆ ಇದ್ದರೆ ಇಲ್ಲದ ವೈವಿಧ್ಯ ಕಾಣುತ್ತದೆ. ಇಡೀ ಕಣಿವೆಯ ಚೀಲಗಳನ್ನು ಎಸೆಯಬೇಕಾಯಿತು. ಮತ್ತೆ ಕೊಯ್ಯಬೇಕಾದ ಮರಗಳಲ್ಲಿ ಬಾಕಿಯಿರುವುದು ಇದೊಂದೇ. ಕಾಡಿನೊಳಗೆ ಹೋಗುವ ಅನುಮತಿ ಇಂದಿಗೆ ಮುಗಿಯುತ್ತದೆ. ಹೋಲಿಕೆಗೆ ಬೇಕಾದಷ್ಟು ಮರಗಳಲ್ಲಿ ಒಂದು ಕಡಿಮೆಯಾದರೂ ಈ ಕಣಿವೆಯನ್ನೇ ಅಧ್ಯಯನದಿಂದ ಕೈಬಿಡಬೇಕು.

ಶಿವಮಲ್ಲು ಇಳಿಯುತ್ತಿದ್ದಾರೆ. ಅರ್ಧ ದಾರಿಯಲ್ಲಿ, ಹಲ್ಲಿನಲ್ಲಿ ಕಚ್ಚಿದ್ದ ರೆಂಬೆ ಜಾರಿ ಬೀಳುತ್ತದೆ. ಅದೇ ಹೊತ್ತಿಗೆ ಹಳ್ಳದಾಚೆ ತಾಯಿ ಆನೆ ಘೀಳಿಡುತ್ತದೆ.

“ಎತ್ಕತೀನಿ, ಇಳಿ, ಹೋಗನ! ಅದೇ ಎಲೆ ಕಣ್ಲಾ!” ಎನ್ನುತ್ತಾರೆ ಮಾದೇಶ್.

ಶಿವಮಲ್ಲು ಕೆಳಗೆ ನೋಡುತ್ತಾರೆ. ಕೋತಿಗಳು ಮುರಿದೆಸೆದ ಹಸಿ ರೆಂಬೆಗಳು ನೆಲದ ತುಂಬ ಬಿದ್ದಿವೆ.

“ಯಾವುದ್ಲಾ ಅದು? ತೋರ್ಸು.”

ಮಾದೇಶ್ ಬಾಗಿ ಒಂದು ರೆಂಬೆ ಎತ್ತುತ್ತಾರೆ, ಅದನ್ನು ಬಿಟ್ಟು ಇನ್ನೊಂದಕ್ಕೆ ಕೈಹಾಕುತ್ತಾರೆ.

“ಬೇಡಣ್ಣ, ಬನ್ನಿ. ಹೋದರೆ ಹೋಗಲಿ ಈ ಕಣಿವೆ,” ಎನ್ನುತ್ತಾರೆ ಮಾನಸ. ಶಿವಮಲ್ಲು ಅವರ ಪಾದಗಳು ಆಗಲೇ ಮತ್ತೆ ಮೇಲೇರುತ್ತಿವೆ.

ಪೊದೆ ಸೀಳಿಕೊಂಡು ಆನೆ ಹೊರಬರುತ್ತದೆ. ಕಿವಿ ಅಗಲಿಸಿ ನಿಲ್ಲುತ್ತದೆ. ಕೊನೆಗೆ ಮರಿಯನ್ನು ಸೊಂಡಿಲಿನಿಂದ ಮುಂದಕ್ಕೆ ತಳ್ಳಿಕೊಂಡು ಅದು ಇಳಿಜಾರಿನತ್ತ ಸರಿಯುತ್ತದೆ.

ಜೀಪಿನಲ್ಲಿ ನೀರು ಕೊಟ್ಟರೆ ಶಿವಮಲ್ಲು ತೆಗೆದುಕೊಳ್ಳುವುದಿಲ್ಲ. ಮೊದಲು, ಮತ್ತೆ ಹತ್ತಿ ಕೊಯ್ದ ಎಲೆಯ ಚೀಲ ಮಾನಸ ಅವರ ಕೈ ಸೇರಬೇಕು.

“ಆ ಕಾಲ್ದಾಗೆ ಮರ ಇಲ್ಲಿ ಉಳ್ಕಂಡಿದ್ವೋ ಇಲ್ವೋ ನಂಗೊತ್ತಿಲ್ಲ ಕಣವ್ವ,” ಎನ್ನುತ್ತಾರೆ. “ಈ ಎಲೆ ಮಾತ್ರ ನೆಲ ಮುಟ್ಟಿಲ್ಲ.”