ಖರಾದಿ ಕಾಕಾನ ತಡಿ

ಮೊನ್ನೆ ಹೊಲದ ಪಂಪು ಕೆಟ್ಟಿತೆಂದು ಮೊಮ್ಮಗ ಗಂಗಾವತಿಗೆ ಹೊರಟಿದ್ದ. ಮೊಣಕಾಲು ತೋರಿಸಿಕೊಂಡು ಬರೋಣವೆಂದು ನಾನೂ ಜೊತೆಗೆ ಹೋದೆ. ರಿಪೇರಿ ಅಂಗಡಿಯ ಮುಂದೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಅವನು ಒಳಗೆ ಹೋದ. ಒಳಗೆ ಯಾರೋ ಕಬ್ಬಿಣ ಕಡೆಯುತ್ತಿದ್ದರು. ಕಾದ ಕಬ್ಬಿಣದ ಮೇಲೆ ಎಣ್ಣೆ ಬಿದ್ದ ವಾಸನೆ ಬಂತು, ಒಗ್ಗರಣೆ ಸೀದಂಥ ಕಮಟು ವಾಸನೆ... ಮೊಮ್ಮಗ ಬಂದು ಕರೆದದ್ದು ನನಗೆ ಕೇಳಿಸಲೇ ಇಲ್ಲವಂತೆ.

ಕೊಪ್ಪಳದ ನೇಕಾರ ಓಣಿಯಲ್ಲಿ ನಮ್ಮ ಮಗ್ಗುಲ ಮನೆ ಖರಾದಿ ಕಾಕಾ ಅವರದು. ಖರಾದ ಅಂದರೆ ಲೇತು, ಕಬ್ಬಿಣ ಕಡೆಯುವ ಯಂತ್ರ. ಹತ್ತಿಯ ಗಿರಣಿಯವರು ಬೇಡವೆಂದು ಮೂಲೆಗೆಸೆದಿದ್ದ ಸಣ್ಣದೊಂದು ಲೇತನ್ನು ತಂದು, ಕಾಲಿನಿಂದ ತುಳಿದು ತಿರುಗಿಸುವಂತೆ ಮಾಡಿಕೊಂಡಿದ್ದರು. ಕಡೆಯುವಾಗ ಕುಸುಬಿ ಎಣ್ಣೆ ಬಿಡುತ್ತಿದ್ದರು. "ಪಲ್ಯಾಕ ಇಲ್ಲದ ಎಣ್ಣಿ ಕಬ್ಬಿಣಕ್ಕ ಐತಿ ನೋಡವಾ" ಎಂದು ಅವರ ಹೆಂಡತಿ ಬಾವಿಕಟ್ಟೆಯಲ್ಲಿ ಹೇಳಿಕೊಳ್ಳುತ್ತಿದ್ದರು. ನಿಜಾಮರ ಆಳಿಕೆ ಮುಗಿಯುತ್ತ ಬಂದ ಕಾಲ ಅದು. ಯುದ್ಧ ನಡೆದಿತ್ತು, ನೂಲು ಸಿಗುವುದು ಕಷ್ಟ. ನಾನು ನಮ್ಮ ಮಾವನ ಮನೆಗೆ ಸೊಸೆಯಾಗಿ ಬಂದು ಬಹಳ ದಿನ ಆಗಿರಲಿಲ್ಲ.

ನಮ್ಮ ಪಡಸಾಲೆಯಲ್ಲಿ ಎರಡು ಮಗ್ಗ ಅಕ್ಕಪಕ್ಕ ಇದ್ದವು. ಒಂದರಲ್ಲಿ ಮಾವ ನೇಯುತ್ತಿದ್ದರು, ಇನ್ನೊಂದರಲ್ಲಿ ನಮ್ಮವರು. ನಾನು ಮೂಲೆಯಲ್ಲಿ ರಾಟಿ ಹಿಡಿದು ನೂಲು ಸುತ್ತುತ್ತಿದ್ದೆ. ಹಗ್ಗ ಎಳೆದರೆ ನೂಲು ಹೊತ್ತ ಲಾಳಿ ಈ ಕಡೆಯಿಂದ ಆ ಕಡೆಗೆ ಓಡುತ್ತದೆ. ಅದರ ಎರಡೂ ತುದಿಗೆ ಉಕ್ಕಿನ ಮೊನೆ ಇರುತ್ತದೆ. ಎರಡು ಮೊನೆಗಳ ಉದ್ದ, ತೂಕ ಒಂದೇ ಇರಬೇಕು. ಹೆಚ್ಚುಕಡಿಮೆ ಆದರೆ ಲಾಳಿ ವಾಲಿ ಮಗ್ಗ ಬಿಟ್ಟು ಹಾರುತ್ತದೆ. ಇಡೀ ಓಣಿಗೆ ಆ ಮೊನೆಗಳನ್ನು ಕಡೆದುಕೊಡುತ್ತಿದ್ದವರು ಕಾಕಾ.

ಒಂದು ದಿನ ಊಟಕ್ಕೆ ಏಳುವ ಹೊತ್ತಿನಲ್ಲಿ ಮಾವನ ಲಾಳಿ ಹಾರಿತು. ಪಕ್ಕದಲ್ಲಿದ್ದ ನಮ್ಮವರ ಎಡಗಣ್ಣಿಗೆ ಬಡಿಯಿತು. ಆಮೇಲಿನದನ್ನು ನಾನು ಬರೆಯಲಾರೆ... ಕಣ್ಣು ಉಳಿಯಲಿಲ್ಲ.

ಗಾಯ ಮಾಯ್ದ ಮೇಲೆ ನಮ್ಮವರು ಮತ್ತೆ ಮಗ್ಗಕ್ಕೆ ಕೂತರು. ಕೂರದವರು ಮಾವ. ಸ್ವಂತ ಮಗನ ಕಣ್ಣು ತೆಗೆದ ಕೈ ಇದು ಎಂದು ಮಗ್ಗದ ಮೇಲೆ ಧೋತರ ಹೊದಿಸಿ ಜಗುಲಿ ಹಿಡಿದರು. ಮಗನ ಜೊತೆ ಒಂದೇ ಪಂಕ್ತಿಯಲ್ಲಿ ಊಟಕ್ಕೂ ಕೂರಲಿಲ್ಲ. ನೇಯುವುದು ಬಿಟ್ಟರೆ ಮತ್ತೇನೂ ತಿಳಿಯದ ಮನುಷ್ಯ, ನೋಡನೋಡುತ್ತಲೇ ಸೊರಗಿ ಕಡ್ಡಿಯಾದರು.

ಕಾಕಾ ಬಂದು ಅವರ ಮುಂದೆ ಕೂತರು.

"ಹಗ್ಗ ಸಡ್ಲ ಆಗಿತ್ತೋ ಮಾರಾಯಾ, ನಾನ ನೋಡ್ಕೋಬೇಕಿತ್ತು. ನಿಂದೇನೂ ತಪ್ಪಿಲ್ಲ" ಎಂದರು ಮಾವ.

"ಇರಬಹುದು. ಆದ್ರ ಎರಡೂ ಮೊನಿ ಸಮ ಇದ್ದುವು ಅಂತ ಆಣಿ ಮಾಡಿ ಹೇಳಾಕ ನನಗ ಬರಂಗಿಲ್ಲ. ಕಣ್ಣಳತಿ ಮ್ಯಾಲ ಕಡದೀನಿ."

ಲೋಕದಲ್ಲಿ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುವುದನ್ನು ಕಂಡಿದ್ದೇನೆ. ಹೀಗೆ ಇಬ್ಬರು ಮುದುಕರು ಅದು ನನ್ನದು, ನನ್ನದು ಎಂದು ಎಳೆದಾಡಿದ್ದನ್ನು ಮತ್ತೆಲ್ಲೂ ಕಾಣಲಿಲ್ಲ. ಅಂದಿನಿಂದ ಕಾಕಾ ಮೊನೆ ಕಡೆಯುವುದನ್ನೇ ನಿಲ್ಲಿಸಿದರು.

ಸಂಜೆ ನಮ್ಮವರು ಅವರ ಖರಾದದ ಹತ್ತಿರ ಹೋಗಿ ಕೂರುತ್ತಿದ್ದರು, ಬಂದು ನನಗೆ ಎಲ್ಲ ಹೇಳುತ್ತಿದ್ದರು. ಉಕ್ಕಿನ ತುಂಡನ್ನು ಖರಾದದ ಬಾಯಿಗೆ ಕಚ್ಚಿಸಿ ಕಡೆಯಬೇಕು. ಬಾಯಿಯ ಹಿಂದೆ ತಿರುಗುವ ದಿಂಡಿಗೆ ಈ ತುದಿಯಿಂದ ಆ ತುದಿಗೆ ಆರಪಾರ ತೂತು. ಹಾಗಾಗಿ ತುಂಡು ಒಮ್ಮೆ ಹೆಚ್ಚು ಒಳಗೆ ಹೋಗುತ್ತದೆ, ಒಮ್ಮೆ ಕಡಿಮೆ. ಹೊರಗುಳಿಯುವ ಉದ್ದವೂ ಒಂದೊಂದು ಸಲ ಒಂದೊಂದು. ಕಾಕಾನ ಯೋಚನೆ ಇಷ್ಟೇ, ಆ ತೂತಿನೊಳಗೆ ಅಲುಗದಂಥ ಒಂದು ಅಡ್ಡ ಕೂರಿಸಿದರೆ ಪ್ರತಿ ತುಂಡೂ ಅದಕ್ಕೆ ಬಡಿದು ಅಲ್ಲಿಯೇ ನಿಲ್ಲುತ್ತದೆ. ಆಗ ಕಣ್ಣಳತೆಯ ಮಾತೇ ಇಲ್ಲ.

ಅದಕ್ಕೆ ಕಾಕಾ ಇಟ್ಟ ಹೆಸರು ತಡಿ. ನಮ್ಮ ಕಡೆ ತಡೆಗೂ ತಡಿ ಅನ್ನುತ್ತೇವೆ, ತಾಳು ಅನ್ನುವುದಕ್ಕೂ ತಡಿ ಅನ್ನುತ್ತೇವೆ. "ತಡಿ ಆತೇನ್ರಿ ಕಾಕಾ?" ಎಂದು ನಮ್ಮವರು ಗೋಡೆಯ ಈಚೆಯಿಂದ ಕೇಳುವುದು, "ತಡಿ" ಎಂದು ಅವರು ಆಚೆಯಿಂದ ಹೇಳುವುದು. ನಗು ಮರೆತ ಆ ಮನೆಯಲ್ಲಿ ಅಷ್ಟಕ್ಕಾದರೂ ನಗುತ್ತಿದ್ದೆವು.

ಮೊದಲು ಜಾಲಿ ಕಟ್ಟಿಗೆಯ ಗೂಟ ಹೊಡೆದರು. ತುಂಡನ್ನು ಒತ್ತಿದಂತೆಲ್ಲ ಅದು ಹಿಂದೆ ಹಿಂದೆ ಜರುಗಿತು. ಆಮೇಲೆ ಬಳೆ ಮಾಡುವವರಿಂದ ಅರಗು ತಂದು ಕಾಯಿಸಿ, ಗೂಟವನ್ನು ತೂತಿನೊಳಗೆ ಅಂಟಿಸಿದರು. ಬೆಳಿಗ್ಗೆ ಕಡೆದವೆಲ್ಲ ಸಮ ಬಂದವು. ಹಿಗ್ಗಿ ಹೋದ ಕಾಕಾ ಮಧ್ಯಾಹ್ನ ಮಾವನನ್ನು ಕೈಹಿಡಿದು ಕರೆದೊಯ್ದರು. ಅವರ ಎದುರೇ ತುಂಡು ಸಿಕ್ಕಿಸಿದರೆ ಗೂಟ ಮೆತ್ತಗೆ ಒಳಗೆ ಸರಿಯಿತು. ಕೊಪ್ಪಳದ ಬಿಸಿಲಿಗೆ ಮನುಷ್ಯರೇ ಕರಗುತ್ತಾರೆ, ಅರಗಿನ ಪಾಡೇನು. ಮಾವ ಎದ್ದು ಬಂದು ಮತ್ತೆ ಜಗುಲಿ ಹಿಡಿದರು.

ದಾರಿ ಸಿಕ್ಕದ್ದು ನಮ್ಮ ಹಿತ್ತಲಿನಲ್ಲಿ. ನಮ್ಮವರು ಗುದ್ದಲಿಗೆ ಹೊಸ ಕಾವು, ಅಂದರೆ ಕಟ್ಟಿಗೆಯ ಹಿಡಿ, ಹಾಕುತ್ತಿದ್ದರು. ಕಾವಿನ ತುದಿ ಸೀಳಿ ಅದರಲ್ಲಿ ಬೆಣೆ ಹೊಡೆದಾಗ ಕಾವು ಉಬ್ಬಿ ಗುದ್ದಲಿಯನ್ನು ಕಚ್ಚಿಕೊಂಡಿತು. ಕಾಕಾ ಅದನ್ನೇ ನೋಡುತ್ತ ನಿಂತವರು, ಹೇಳದೆ ಕೇಳದೆ ಮನೆಗೆ ಹೋದರು. ಕಬ್ಬಿಣದ ಸರಳೊಂದರ ತುದಿಯನ್ನು ಗರಗಸದಿಂದ ನಾಲ್ಕಾಗಿ ಸೀಳಿದರು. ಸೀಳಿನ ನಡುವೆ ಕಬ್ಬಿಣದ ಬೆಣೆ ಕೂರಿಸಿ, ಅದನ್ನು ಹಿಂದಿನಿಂದ ತಿರುಪು ಹಾಕಿ ಎಳೆಯುವಂತೆ ಮಾಡಿದರು. ತಿರುಪು ಬಿಗಿಯಾದಂತೆ ಸೀಳು ಬಿಚ್ಚಿಕೊಂಡು ತೂತಿನ ಗೋಡೆ ಕಚ್ಚಿ ಹಿಡಿಯಿತು. ಬಿಸಿಲೇರಿದರೂ ಅದು ಕೂದಲೆಳೆಯಷ್ಟೂ ಕದಲಲಿಲ್ಲ.

ಹೊಸ ಮೊನೆ ಹಾಕಿದ ಲಾಳಿ ಹಿಡಿದು ಕಾಕಾ ಬಂದರು. ಮಗ್ಗದ ಮೇಲಿನ ಧೋತರ ತಾವೇ ತೆಗೆದರು. ಮಾವನನ್ನು ಕೂರಿಸಿದರು. ಆಮೇಲೆ ತಾವು ಹೋಗಿ ನಮ್ಮವರ ಜಾಗದಲ್ಲಿ, ಲಾಳಿ ಹಾರಿ ಬಂದಿದ್ದ ಆ ಜಾಗದಲ್ಲಿ, ಮುಖ ಈ ಕಡೆ ಮಾಡಿ ಕೂತರು.

"ಈಗ ಆಣಿ ಮಾಡಿ ಹೇಳತೀನಿ, ಎರಡೂ ಸಮ ಅದಾವ. ಲಾಳಿ ಒಗಿ" ಎಂದರು.

ಮಾವ ಹಗ್ಗ ಹಿಡಿದರು. ಎಳೆಯಲಾಗಲಿಲ್ಲ. ಆಗ ಬಾಗಿಲಲ್ಲಿ ನಿಂತಿದ್ದ ನಮ್ಮವರು ಒಳಗೆ ಬಂದರು.

"ಕಾಕಾ, ಏಳ್ರಿ. ಅದು ನನ್ನ ಜಾಗ."

ಕಾಕಾ ಎದ್ದರು. ನಮ್ಮವರು ಕೂತು, ಉಳಿದ ಒಂದು ಕಣ್ಣಿನಿಂದ ಅಪ್ಪನನ್ನು ನೋಡಿದರು. "ಅಪ್ಪಾ, ಒಗಿ."

ತಡೀರಿ ಎಂದು ಕೂಗಬೇಕೆನಿಸಿತು. ಕಾಕಾನ ಮೇಲೆ ಹೇಳಲಾರದ ಸಿಟ್ಟು ಬಂತು. ಹಿರಿಯರ ಮುಂದೆ ಸೊಸೆ ಬಾಯಿ ತೆರೆಯುವ ರೂಢಿ ಇರಲಿಲ್ಲ. ಮಾವ ಹಗ್ಗ ಎಳೆದರು. ಲಾಳಿ ನೆಟ್ಟಗೆ ಹೋಯಿತು, ನೆಟ್ಟಗೆ ಬಂತು... ಮತ್ತೆ ಹೋಯಿತು. ಮಾವ ಅಳುತ್ತ ನೇಯ್ದರು. ಕಾಕಾ ಧೋತರ ಮಡಚಿಟ್ಟು ಹೊರಟುಹೋದರು. ಅಂದು ತಂದೆ ಮಗ ಒಟ್ಟಿಗೆ ಊಟಕ್ಕೆ ಕೂತರು.

ಮುಂದಿನ ಬೇಸಿಗೆಯಲ್ಲಿ ಕಾಕಾ ಜ್ವರ ಬಂದು ತೀರಿಕೊಂಡರು. ಮಣ್ಣು ಕೊಟ್ಟು ಬಂದ ನಮ್ಮವರು ಹಿತ್ತಲಲ್ಲಿ ಒಬ್ಬರೇ ಕೂತಿದ್ದರು. ನೀರು ಕೊಡಲು ಹೋದಾಗ ನೋಡಿದೆ, ಮುಚ್ಚಿಹೋದ ಎಡಗಣ್ಣಿನಿಂದಲೂ ನೀರು ಇಳಿಯುತ್ತಿತ್ತು. ಕಾಣದ ಕಣ್ಣು ಅಳುತ್ತದೆ ಎಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ಈಗ ಮಾವ ಇಲ್ಲ, ನಮ್ಮವರೂ ಇಲ್ಲ. ಖರಾದವನ್ನು ಕುಷ್ಟಗಿಯ ಕಡೆಯವರು ಯಾರೋ ಒಯ್ದರಂತೆ. ಅಷ್ಟು ದಿನ ಮಗ್ಗುಲ ಮನೆಯಲ್ಲಿದ್ದೂ ಕಾಕಾನ ಜೊತೆ ನಾನು ಒಂದು ಮಾತಾಡಿದವಳಲ್ಲ. ನಿಮ್ಮಿಂದ ನಮ್ಮ ಮನೆ ಉಳಿಯಿತು ಎಂದು ಹೇಳಬೇಕಿತ್ತು. ಈಗ ಮಾತಾಡಬೇಡ ಅನ್ನುವ ಹಿರಿಯರು ಯಾರೂ ಉಳಿದಿಲ್ಲ. ಕೇಳಬೇಕಾದವರೂ ಉಳಿದಿಲ್ಲ.