ಯಾರೂ ಮೀಟದ ಸ್ವರ

ಸಂಗೀತದ ಮಟ್ಟಿಗೆ ನನ್ನ ಕಿವಿಗಳು ಇರುವುದು ಕನ್ನಡಕ ಸಿಕ್ಕಿಸಿಕೊಳ್ಳಲು ಮಾತ್ರ. ಕುಂದಗೋಳದಲ್ಲಿ ಹುಟ್ಟಿ ಬೆಳೆದವನು ಇಂಥ ಮಾತು ಆಡಬಾರದು, ನಿಜ. ಇಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕೂತವರೂ ರಾಗದ ವಿಷಯಕ್ಕೆ ಜಗಳಾಡುತ್ತಾರೆ. ನಾನು ಸುಮ್ಮನೆ ಚಹಾ ಕುಡಿಯುತ್ತೇನೆ. ಇಂಥ ನನಗೇ, ನಮ್ಮ ಕಾಕಾನಿಗೆ ಕೇಳುವುದನ್ನು ಕಲಿಸುವ ಕೆಲಸ ಗಂಟುಬಿತ್ತು.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಕಿರಾಣಿ ಅಂಗಡಿ ನಡೆಸಿದವನು, ಜನ್ಮದಲ್ಲಿ ಒಂದು ಸಾಲು ಹಾಡಿದವನಲ್ಲ. ಆದರೆ ಊರಿನ ಸಂಗೀತದ ಬೈಠಕ್ಕುಗಳಲ್ಲಿ ಜಮಖಾನೆಯ ಮುಂದಿನ ಸಾಲು ಅವನದೇ. ನಮ್ಮಲ್ಲಿ ಹಾಡು ಮುಗಿದ ಮೇಲೆ ಚಪ್ಪಾಳೆ ತಟ್ಟಿದರೆ ಸಾಲದು. ಹಾಡು ನಡೆದಿರುವಾಗಲೇ, ಸರಿಯಾದ ಜಾಗದಲ್ಲಿ ‘ವ್ಹಾ’ ಅನ್ನಬೇಕು. ಕಾಕಾನ ‘ವ್ಹಾ’ ಜಾಗ ತಪ್ಪಿದ್ದೇ ಇಲ್ಲ. ಗಾಯಕರು ತಾನ ಮುಗಿಸಿ ಅವನ ಮುಖ ನೋಡುತ್ತಿದ್ದರು.

ಕಿವಿ ಮಂದವಾಗುತ್ತ ಬಂದದ್ದನ್ನು ಆತ ಯಾರಿಗೂ ಹೇಳಲಿಲ್ಲ. ಬಾಜು ಕೂತವರ ತಲೆ ಅಲ್ಲಾಡಿದ್ದು ನೋಡಿ ‘ವ್ಹಾ’ ಅನ್ನತೊಡಗಿದ. ಹೋದ ವರ್ಷ ಒಂದು ‘ವ್ಹಾ’ ಎಷ್ಟು ತಡವಾಗಿ ಬಂತೆಂದರೆ, ತಬಲಾದವನು ನಕ್ಕೇಬಿಟ್ಟ. ಅಂದಿನಿಂದ ಕಾಕಾ ಬೈಠಕ್ಕಿಗೆ ಹೋಗುವುದನ್ನು ಬಿಟ್ಟ.

ಹುಬ್ಬಳ್ಳಿಯ ಡಾಕ್ಟರು ಕಿವಿ ಪರೀಕ್ಷಿಸಿ, ಇದು ವಯಸ್ಸಿನ ಮಂದತನ, ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವ ಕಿವಿಯ ಮಷಿನ್ನೇ ಸಾಕು ಎಂದರು. ಕೊಂಡು ತಂದೆವು. ಕನ್ನಡಕದ ಹಾಗೆ ಹಾಕಿಕೊಂಡರೆ ಆಯಿತು ಎಂದು ನಾನು ತಿಳಿದಿದ್ದೆ. ಹಾಕಿದ ಕ್ಷಣವೇ ಅಡುಗೆಮನೆಯಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ತಾಟೊಂದನ್ನು ಕೆಳಗಿಟ್ಟಳು. ಕಾಕಾ ಕೂತಲ್ಲೇ ಹಾರಿಬಿದ್ದ.

“ನನ್ನ ದನೀನೇ ಬಾವ್ಯಾಗಿಂದ ಬಂದಂಗ ಆಗತೈತಿ. ತಗೀಲೇ ಇದನ್ನ!” ಎಂದ. ಮಷಿನ್ ಡಬ್ಬಿ ಸೇರಿತು.

ಅಂಗಡಿಯವನಿಗೆ ಫೋನು ಮಾಡಿ ದಬಾಯಿಸಿದೆ. ಆತ ತಣ್ಣಗೆ, “ವರ್ಷಗಟ್ಟಲೆ ಕೇಳದ ಸಪ್ಪಳ ಅದಾವ್ರಿ. ಎಲ್ಲಾ ಒಮ್ಮೆಲೇ ಬಂದ್ರ ತಲಿ ಗಾಬರಿ ಆಗತೈತಿ. ಸಂತಿಗೆ ಕರಕೊಂಡು ಹೋಗಬ್ಯಾಡ್ರಿ. ಮನ್ಯಾಗ ಸಾವಕಾಶ ಶುರು ಮಾಡ್ರಿ” ಎಂದ.

ಹಾಗೆ ಹಿತ್ತಲ ಕೋಣೆಯಲ್ಲಿ ನಮ್ಮ ಶಾಲೆ ಶುರುವಾಯಿತು. ಫ್ಯಾನು ಬಂದ್, ಟಿವಿ ಬಂದ್, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರ ಮಾತು. ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸುತ್ತ ಹೋದೆವು. ಒಂದು ದಿನ ಕಾಕಾ ಕೈ ಎತ್ತಿ ನಮ್ಮನ್ನು ಸುಮ್ಮನಾಗಿಸಿದ. ಮೂಲೆಯಲ್ಲಿ ಬೆಕ್ಕು ಹಾಲು ನೆಕ್ಕುತ್ತಿತ್ತು.

“ಇದಕ್ಕೂ ಸಪ್ಪಳ ಐತೇನಲೇ!” ಎಂದ. ನಾವೂ ಬಗ್ಗಿ ಕೇಳಿದೆವು. ಇತ್ತು! ಒಂದು ಮನೆಯೊಳಗೆ ಇಷ್ಟೊಂದು ಸದ್ದು ತುಂಬಿಕೊಂಡಿರುತ್ತದೆ ಎಂಬುದು ಎರಡೂ ಕಿವಿ ನೆಟ್ಟಗಿದ್ದ ನನಗೂ ಆ ದಿನವೇ ತಿಳಿದದ್ದು.

ಕಾಕಾನಿಗಿಂತ ಕಷ್ಟಪಟ್ಟವಳು ಕಾಕು. ವರ್ಷಗಟ್ಟಲೆ ಕೂಗಿ ಕೂಗಿ ಆಕೆಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಒಂದು ಮಧ್ಯಾಹ್ನ, ಬಾಗಿಲಿಗೆ ಒರಗಿ ಸಣ್ಣ ದನಿಯಲ್ಲಿ, “ಚಹಾ ಮಾಡ್ಲೇನ್ರಿ?” ಎಂದಳು. ಕಾಕಾ ತಲೆ ಎತ್ತದೆ, “ಮಾಡು” ಎಂದ. ಆಕೆ ಒಳಗೆ ಹೋಗದೆ ಅಲ್ಲೇ ನಿಂತುಬಿಟ್ಟಳು.

ಮುಂದಿನ ಪಾಠ ಸಂಗೀತದ್ದು. ಪಕ್ಕದ ಮನೆಯ ಸಂಗೀತದ ಟೀಚರು ತಂಬೂರಿ ಹಿಡಿದು ಕೂತರು. ಕಾಕಾ ಹುಬ್ಬು ಗಂಟಿಕ್ಕಿದ. “ಮೊದಲ ಚಲೋ ಕೇಳಸ್ತೈತಿ. ಆಮ್ಯಾಲೆ ಯಾರೋ ಅದರ ಬಾಯಾಗ ಅರಿವಿ ತುರುಕಿದಂಗ ಆಗತೈತಿ.” ಅಂಗಡಿಯವನನ್ನು ವಿಚಾರಿಸಿದರೆ ಗುಟ್ಟು ಇಷ್ಟೇ: ಒಂದೇ ಸಮನೆ ಬರುವ ಸದ್ದನ್ನೆಲ್ಲ ಗದ್ದಲವೆಂದು ತಗ್ಗಿಸುವುದು ಆ ಮಷಿನ್ನಿನ ರೂಢಿ. ತಂಬೂರಿಯನ್ನು ಅದು ಫ್ಯಾನು ಎಂದೇ ಭಾವಿಸಿತ್ತು. ನಾನೂ ಬಹಳ ವರ್ಷ ಹಾಗೆಯೇ ಭಾವಿಸಿದವನಾದ್ದರಿಂದ ಅದರ ಮೇಲೆ ಸಿಟ್ಟು ಬರಲಿಲ್ಲ. ಸಂಗೀತಕ್ಕೆಂದೇ ಇದ್ದ ಗುಂಡಿ ಒತ್ತಿದೆ.

“ಈಗ ತುಂಬಿ ಬಂತು. ಆದ್ರ ಗಾಂಧಾರ ಸಿಗವಲ್ದು” ಎಂದ ಕಾಕಾ.

“ಅದು ಯಾವ ತಂತಿ, ಕಾಕಾ?”

“ಯಾವ ತಂತಿನೂ ಅಲ್ಲಪಾ. ತಂಬೂರಿ ಶ್ರುತಿ ಅಗದಿ ಬರೋಬ್ಬರಿ ಕೂಡಿದ್ರ, ಯಾರೂ ಮೀಟದ ಸ್ವರ ಒಂದು ತನ್ನಷ್ಟಕ್ಕ ತಾನ ಏಳತೈತಿ.”

ಬೈಠಕ್ಕಿನ ದಿನ ಬಂತು. ಗಾಂಧಾರವೇ ಕೇಳದವನು ಅಲ್ಲಿ ಹೋಗಿ ಏನು ಮಾಡಲಿ ಎಂದು ಕಾಕಾ ಹಟ ಹಿಡಿದ. ಕಾಕು ಅವನ ಟೊಪ್ಪಿಗೆ ತಂದು ಕೈಗಿಟ್ಟಳು. “ಹೋಗತೇನಿ. ಆದ್ರ ಬಾಯಿ ಬಿಡಾಂಗಿಲ್ಲ” ಎಂದು ಎದ್ದ. ಹೋಗಿ, ಎಲ್ಲರ ಹಿಂದೆ ಗೋಡೆಗೆ ಒರಗಿ ಕೂತ. ನಾನು ಬಾಜುವಿನಲ್ಲಿ.

ಗಾಯಕರು ತಂಬೂರಿಯ ಶ್ರುತಿ ಕೂಡಿಸುತ್ತಿದ್ದರು. ತಿರುಚುವುದು, ಮೀಟುವುದು, ಮತ್ತೆ ತಿರುಚುವುದು. ಜನ ಇನ್ನೂ ಮಾತಿನಲ್ಲಿದ್ದರು. ಇದ್ದಕ್ಕಿದ್ದಂತೆ ನನ್ನ ಬಾಜುವಿನಿಂದ ದೊಡ್ಡ ದನಿ ಎದ್ದಿತು: “ವ್ಹಾ!”

ಹಾಡು ಶುರುವೇ ಆಗಿರಲಿಲ್ಲ. ಎಲ್ಲರೂ ತಿರುಗಿದರು. ಹೋದ ವರ್ಷದ ಅದೇ ತಬಲಾದವನು ನಗು ತಡೆಯಲು ತುಟಿ ಕಚ್ಚಿಕೊಂಡ. ನಾನು ನಾಚಿ ಕಾಕಾನ ತೋಳು ಜಗ್ಗಿದೆ. ಆದರೆ ಗಾಯಕರು ತಿರುಪಿನ ಮೇಲಿದ್ದ ಕೈ ತೆಗೆದು, ಕತ್ತು ಚಾಚಿ ಹಿಂದೆ ನೋಡಿದರು.

“ಗಾಂಧಾರ ಗ್ವಾಡಿತನಕಾ ಮುಟ್ಟಿತೇನ್ರಿ, ಕಾಕಾ? ನಾನೂ ಅದಕ್ಕ ಕಾಯಾಕತ್ತಿದ್ದೆ. ಮುಂದ ಬರ್ರಿ.”

“ಮುಟ್ಟಿತಪಾ. ಇನ್ನ ಹಾಡು” ಎನ್ನುತ್ತ ಕಾಕಾ ಕಣ್ಣೊರೆಸಿಕೊಂಡು ಮುಂದಿನ ಸಾಲಿಗೆ ನಡೆದ. ಮಷಿನ್ನಿನ ಖಾಲಿ ಡಬ್ಬಿ ಹಿಡಿದುಕೊಂಡು ನಾನು ಗೋಡೆಗೆ ಒರಗಿದೆ, ಕಣ್ಣು ಮುಚ್ಚಿದೆ, ಆ ಸ್ವರವನ್ನು ಹುಡುಕುತ್ತ ಕೂತೆ.