ಚಿಗವ್ವನ ತೋಳಿಗೆ ಕಟ್ಟಿದ ಪಟ್ಟಿ

ಬಿ.ಪಿ. ನೋಡುವ ಯಂತ್ರದ ಪಟ್ಟಿ ಬಿಚ್ಚುವಾಗ ಚರ್ರೆಂದು ಒಂದು ಸದ್ದಾಗುತ್ತದಲ್ಲ, ನೀವೂ ಕೇಳಿರುತ್ತೀರಿ. ಇವತ್ತು ಬೆಳಿಗ್ಗೆ ನನ್ನ ತೋಳಿಗೆ ಕಟ್ಟಿಕೊಳ್ಳಲೆಂದು ಅದನ್ನು ಬಿಚ್ಚಿದ್ದೇ ತಡ, ಚಿಗವ್ವ ನೆನಪಾದಳು. ಅವ್ವನ ತಂಗಿ. ರಾಮದುರ್ಗದಲ್ಲಿ ನಮ್ಮ ಓಣಿಯ ತುದಿಯ ಮನೆ ಅವಳದು. ಈ ಯಂತ್ರವನ್ನು ನಾನು ಕೊಂಡಿದ್ದೇ ಅವಳಿಗಾಗಿ.

ಆಗ ಅವಳ ಕಣ್ಣಿಗೆ ಪೊರೆ ಬಂದಿತ್ತು. ಮಗಳಿಗೆ ದಿನ ತುಂಬುತ್ತಿತ್ತು. ಹುಟ್ಟುವ ಕೂಸಿಗೆ ತನ್ನ ಕೈಯಾರೆ ಕೌದಿ ಹೊಲಿಯಬೇಕು, ಆದರೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದು. ಹಳೆಯ ಸೀರೆಗಳನ್ನು ಕತ್ತರಿಸಿ ತುಂಡುಗಳನ್ನು ಗಂಟು ಕಟ್ಟಿಟ್ಟಿದ್ದಳು. ಬೇರೆ ಯಾರಾದರೂ ಹೊಲಿದುಕೊಡುತ್ತೇವೆ ಎಂದರೆ ಸಿಟ್ಟಿಗೇಳುತ್ತಿದ್ದಳು. ಕಣ್ಣಿನ ಡಾಕ್ಟರು ಮಾತ್ರ, “ಬಿ.ಪಿ. ಇಳಿಯೋ ತನಕಾ ಆಪರೇಷನ್ ಬ್ಯಾಡರಿ. ಒಂದು ವಾರ ಮನ್ಯಾಗ ನೋಡಿ ಬರಕೊಂಡು ಬರ್ರಿ,” ಎಂದು ಕಳಿಸಿಬಿಟ್ಟರು.

ನಾನೋ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಕೇಳಬೇಕೆ? ಪಟ್ಟಿ ಸುತ್ತಿದವನೇ ಪಾಠ ಶುರುಮಾಡಿದೆ. ಪಟ್ಟಿಯಲ್ಲಿ ಗಾಳಿ ತುಂಬಿ ರಕ್ತನಾಳವನ್ನು ಅದುಮುತ್ತದೆ. ಗಾಳಿ ಮೆಲ್ಲಗೆ ಇಳಿದಂತೆ ರಕ್ತ ಮತ್ತೆ ನುಗ್ಗುತ್ತದೆ, ನಾಡಿ ಬಡಿದಾಗಲೆಲ್ಲ ಪಟ್ಟಿಯ ಗಾಳಿ ನಡುಗುತ್ತದೆ. ಡಬ್ಬಿಯೊಳಗೆ ಒತ್ತಡ ಅಳೆಯುವ ಸೆನ್ಸರ್ ಇದೆ. ಅದರಲ್ಲೊಂದು ತೀರ ತೆಳುವಾದ ಹಾಳೆ. ಗಾಳಿ ಒತ್ತಿದಷ್ಟು ಬಾಗುತ್ತದೆ, ಬಾಗಿದಂತೆ ಅಲ್ಲಿ ಹರಿಯುವ ವಿದ್ಯುತ್ತು ಬದಲಾಗುತ್ತದೆ, ಯಂತ್ರ ಅದನ್ನು ಲೆಕ್ಕಹಾಕಿ ಅಂಕಿಯಲ್ಲಿ ತೋರಿಸುತ್ತದೆ. ಕಾರಿನ ಗಾಲಿಯಲ್ಲಿ ಗಾಳಿ ಇಳಿದರೆ ದೀಪ ಹೊತ್ತಿಸುವುದೂ, ಬಟ್ಟೆ ಒಗೆಯುವ ಮಷಿನ್ನಿಗೆ ನೀರು ಸಾಕೆಂದು ತಿಳಿಸುವುದೂ ಇದರ ಅಣ್ಣತಮ್ಮಂದಿರೇ. “ತಿಳೀತೇನ್ ಚಿಗವ್ವಾ?” ಎಂದು ನಡುನಡುವೆ ಕೇಳುತ್ತಲೂ ಇದ್ದೆ.

ಕೇಳಿದವರಿಗೆ ಉತ್ತರ ಕೊಡದೆ ಕೂರುವುದು ನಮ್ಮ ಕಡೆ ಮರ್ಯಾದೆಯಲ್ಲ. ಅವಳು ಪಟ್ಟಿ ಬಿಗಿದ ತೋಳನ್ನೇ ಆಡಿಸುತ್ತ, “ತಿಳೀತೋ ತಮ್ಮಾ. ಆ ಸಣ್ಣ ಹಾಳಿ ಹರಿಯಂಗಿಲ್ಲೇನು? ಇರ್ಲಿ, ನಾಷ್ಟಾ ಆತೇನ್ ನಿಂದು? ಯಾರರಿ ಬಾಗಲ್ದಾಗ? ಒಳಗ ಬರ್ರಿ, ಚಾ ಕುಡದ ಹೋಗ್ರಿ!” ಎನ್ನುತ್ತಿದ್ದಳು. ಅಂಕಿ ಏರಿಯೇ ಇರುತ್ತಿತ್ತು. ನಾನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದೆ. ಒಂದು ವಾರ ಕಳೆಯಿತು, ಆಪರೇಷನ್ ಮುಂದಕ್ಕೆ ಹೋಯಿತು. ಇನ್ನೊಂದು ವಾರ, ಮತ್ತೆ ಮುಂದಕ್ಕೆ. ಅವಳು ಗಂಟು ಬಿಚ್ಚಿ, ತುಂಡುಗಳನ್ನು ಬೆರಳಿನಿಂದ ಸವರಿ ನೋಡಿ, ಮತ್ತೆ ಕಟ್ಟಿಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತಿತ್ತು.

ಒಂದು ದಿನ ಶಾಲೆಗೆ ತಡವಾಗಿ ಗಡಿಬಿಡಿಯಲ್ಲಿ ಹೋದೆ. ಅವಳು ಲಿಂಗಪೂಜೆ ಮುಗಿಸಿ ಮಣೆಯ ಮೇಲೆ ಸುಮ್ಮನೆ ಕೂತಿದ್ದಳು. ಪೂಜೆಗೆ ಕೂತರೆ ಮಣೆ ಬಿಟ್ಟು ಏಳುವ ತನಕ ತುಟಿ ಬಿಚ್ಚುವವಳಲ್ಲ, ನಾವೂ ಮಾತಾಡಿಸುವಂತಿಲ್ಲ. ನಾನು ಪಟ್ಟಿ ತೋರಿಸಿದೆ, ಅವಳು ತೋಳು ಚಾಚಿದಳು. ನೋಡಿದರೆ ಅಂಕಿ ಇಳಿದಿದೆ! ಮತ್ತೊಮ್ಮೆ ನೋಡಿದೆ, ಆಗಲೂ ಅಷ್ಟೇ. ಮಾತಾಡಿದರೂ ತೋಳು ಅಲುಗಿದರೂ ಅಂಕಿ ಏರುತ್ತದೆಂದು ಯಂತ್ರದ ಜೊತೆ ಬಂದ ಚೀಟಿಯಲ್ಲಿ ಮೊದಲೇ ಅಚ್ಚಾಗಿತ್ತು. ವಿಜ್ಞಾನದ ಮಾಸ್ತರರು ಅದನ್ನು ಓದಿರಲಿಲ್ಲ.

ಚಿಗವ್ವ ಎದ್ದು ಎಲ್ಲ ಕೇಳಿಸಿಕೊಂಡು, “ಹಂಗಾರ ಇಷ್ಟ ದಿನಾ ಏರಿದ್ದು ನನ್ನ ಬಿ.ಪಿ. ಅಲ್ಲೋ ತಮ್ಮಾ, ನಿನ್ನ ಪಾಠ!” ಎಂದು ನಕ್ಕಳು.

ಆಮೇಲಿನ ಒಂದು ವಾರ ಪೂಜೆಯ ಮಣೆಯ ಮೇಲೆಯೇ ನೋಡಿದೆವು. ಡಾಕ್ಟರು ಒಪ್ಪಿದರು. ಕಣ್ಣು ಬಂತು, ಕೂಸೂ ಬಂತು, ಕೌದಿಯೂ ಆಯಿತು. ಉಳಿದ ತುಂಡುಗಳಲ್ಲಿ ನನಗೂ ಒಂದು ಸಣ್ಣ ಕೌದಿ ಹೊಲಿದು ಕೊಟ್ಟಳು. “ತಗೋ, ಒಂದು ವಾರ ಬಾಯಿ ಮುಚ್ಚಿಕೊಂಡ ಕುಂತಿದ್ದಕ್ಕ.”

ಚಿಗವ್ವ ಹೋಗಿ ಕೆಲವು ವರ್ಷಗಳಾದವು. ಈಗ ಬಿ.ಪಿ. ನನಗೆ. ತೋಳು ಎದೆಯ ಮಟ್ಟಕ್ಕಿರಬೇಕಲ್ಲ, ಅದೇ ಕೌದಿಯನ್ನು ಮಡಚಿ ಮೊಣಕೈ ಕೆಳಗೆ ಇಟ್ಟುಕೊಳ್ಳುತ್ತೇನೆ. ಇವತ್ತೂ ಹಾಗೇ ಬಾಯಿ ಬಿಗಿದುಕೊಂಡು ಕೂತೆ. ಯಂತ್ರ ಗುಂಯ್‌ಗುಡುತ್ತಿತ್ತು. ಅವಳ ಹೊಲಿಗೆಯ ಮೇಲೆ ಬೆರಳು ಹರಿದಾಡಿತು ನೋಡಿ, “ನಾಷ್ಟಾ ಆತೇನ್ ಚಿಗವ್ವಾ?” ಎಂದುಬಿಟ್ಟೆ.

ಅಂಕಿ ಏರಿಯೇ ಬಂತು. ಡಾಕ್ಟರಿಗೆ ತೋರಿಸುವ ವಹಿಯಲ್ಲಿ ಅದನ್ನು ಬರೆದು, ಪಕ್ಕದಲ್ಲಿ ಕಾರಣವನ್ನೂ ಬರೆದೆ: ಚಿಗವ್ವನ ಕೂಡ ಮಾತಾಡುತ್ತಿದ್ದೆ.